ನಿಪ್ಪಾಣಿಯ ಆಚೆ

ಬೋಳಾರ, ಮಂಗಳೂರು
12 ಡಿಸೆಂಬರ್ 1991

ಪೂಜ್ಯ ಮಾವನವರಿಗೆ ಪಾರಿಸನ ನಮಸ್ಕಾರಗಳು.

ತಾರು ಕೊಟ್ಟ ಮೇಲೆ ನಿಮಗೆ ಏನೂ ಬರೆಯಲಿಲ್ಲ, ಕ್ಷಮಿಸಬೇಕು. ಹೆರಿಗೆಯಲ್ಲಿ ಕೂಸು ಹೋಯಿತು, ಜಿನಮತಿ ಆರಾಮ ಇದ್ದಾಳೆ ಎಂದು ತಾರಿನಲ್ಲಿ ಹಾಕಿದ್ದೆ. ಎರಡನೆಯ ಮಾತು ಪೂರ್ತಿ ನಿಜವಲ್ಲ.

ಅವಳಿಗೆ ಜ್ವರವಿಲ್ಲ, ಹೊಲಿಗೆ ಮಾಗಿದೆ. ಅಡಿಗೆ ಮಾಡುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಆದರೆ ಒಂದು ಸಲವೂ ಅತ್ತಿಲ್ಲ. ಗಂಡು ಕೂಸು, ಸತ್ತೇ ಹುಟ್ಟಿತು ಎಂದು ಡಾಕ್ಟರಮ್ಮ ಹೇಳಿದಾಗ "ಹೌದ್ರಿ" ಎಂದಳು, ಅಷ್ಟೇ. ಕೂಸನ್ನು ನಾನೂ ಬ್ಯಾಂಕಿನ ಒಬ್ಬ ಗೆಳೆಯರೂ ಒಯ್ದು ಮಣ್ಣು ಮಾಡಿ ಬಂದೆವು. ಎಲ್ಲಿ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಿಮ್ಮ ತಂಗಿ ರಾಜಮತಿಯವರು ರಾಯಬಾಗದಿಂದ ಬಂದು ಇದ್ದು ಹೋದರು. ಪಾಪ, ಇರುವಷ್ಟು ದಿನವೂ ಅತ್ತರು. ಇವಳು ಅವರಿಗೆ ನೀರು ಕೊಟ್ಟು ಸಮಾಧಾನ ಮಾಡಿದಳು. ಐನಾಪುರಕ್ಕೆ ಹೋಗಿ ನಾಲ್ಕು ದಿನ ಇದ್ದು ಬಾ ಎಂದರೆ "ನಾ ಒಲ್ಲೆ" ಅನ್ನುತ್ತಾಳೆ. ಕಾರಣ ಹೇಳುವುದಿಲ್ಲ.

ಮಾವನವರೇ, ನೀವೇ ಬಂದರೆ ಹೇಗೆ? ನಿಮ್ಮ ದಿಗ್ವ್ರತ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ತೀರ್ಥಯಾತ್ರೆಗೆ ಆ ಗೆರೆ ಅಡ್ಡ ಬರುವುದಿಲ್ಲವಂತಲ್ಲ. ಮೂಡಬಿದಿರೆ ಇಲ್ಲಿಂದ ಬಸ್ಸಿಗೆ ತಾಸಿನ ಹಾದಿ. ಬಸದಿಗಳ ದರ್ಶನಕ್ಕೆ ಎಂದು ಹೊರಟು ಬನ್ನಿ, ಅಲ್ಲಿಂದ ನಮ್ಮ ಮನೆಗೆ ನಾಲ್ಕು ದಿನ. ಇಲ್ಲಿ ನೋಡುವಂಥದ್ದು ಬೇಕಾದಷ್ಟಿದೆ. ಸಮುದ್ರ ಇದೆ, ಎರಡು ಹೊಳೆಗಳಿವೆ, ಗುಡ್ಡದ ಮೇಲೆ ದೀಪಸ್ತಂಭವಿದೆ. ಇಲ್ಲಿಗೆ ಬಂದು ಒಂದೂವರೆ ವರ್ಷವಾದರೂ ಅವಳು ಒಂದನ್ನೂ ನೋಡಿಲ್ಲ. ನಿಮಗೆ ತೋರಿಸುವ ನೆಪದಲ್ಲಾದರೂ ಹೊಸ್ತಿಲು ದಾಟುತ್ತಾಳೆ.

ನಿಮ್ಮ ದಾರಿ ನೋಡುವ,
ಪಾರಿಸ


ಐನಾಪುರ, ತಾ. ಅಥಣಿ
20 ಡಿಸೆಂಬರ್ 1991

ಪಾರಿಸ ಅವರಿಗೆ ತಾತ್ಯಾಸಾಹೇಬನ ಆಶೀರ್ವಾದ.

ನಿಮ್ಮ ಕಾಗದವನ್ನು ಪಡಸಾಲೆಯಲ್ಲಿ ಕುಳಿತು ಓದಿದೆ. ತೋಟಕ್ಕೆ ಒಯ್ದು ಅಲ್ಲೊಮ್ಮೆ ಓದಿದೆ. ಎರಡು ಕಡೆಯೂ ಅದೇ ಇತ್ತು.

ನಾನು ವ್ರತ ಹಿಡಿದ ದಿನ ನಿಮಗೆ ಬ್ಯಾಂಕಿನ ಕೆಲಸವಿತ್ತು, ನೀವು ಬಂದಿರಲಿಲ್ಲ. ಅಂದು ಏನಾಯಿತೆಂದು ಹೇಳುತ್ತೇನೆ. ಜಿನಮತಿಯ ಅವ್ವ ಹೋದ ವರ್ಷ ಅದು. ನನಗೆ ಯಾವುದರಲ್ಲೂ ಮನಸ್ಸಿರಲಿಲ್ಲ. ಚಾತುರ್ಮಾಸಕ್ಕೆ ನಮ್ಮ ಬಸದಿಯಲ್ಲಿ ಮುನಿ ಮಹಾರಾಜರು ಇದ್ದರು. ಸಂಸಾರದ ಓಡಾಟಕ್ಕೆ ನಾಲ್ಕು ದಿಕ್ಕಿಗೂ ಒಂದೊಂದು ಎಲ್ಲೆ ಹಾಕಿಕೊಂಡು ಸಾಯುವತನಕ ಅದರೊಳಗೇ ಇರುತ್ತೇನೆಂದು ಅವರ ಮುಂದೆ ಕೈಮುಗಿದೆ. ಮೂಡಣಕ್ಕೆ ಅಥಣಿ, ಬಡಗಣಕ್ಕೆ ಮಿರಜ, ತೆಂಕಣಕ್ಕೆ ತಂಗಿಯ ಊರು ರಾಯಬಾಗ. ಪಡುವಣಕ್ಕೆ ಎಲ್ಲಿಯವರೆಗೆ ಎಂದು ಮಹಾರಾಜರು ಕೇಳಿದರು. ನಾನು ಕೊಲ್ಹಾಪುರವೋ ಪನ್ಹಾಳವೋ ಎಂದು ಯೋಚಿಸುತ್ತಿದ್ದೆ. ಹಿಂದೆ ಕುಳಿತಿದ್ದ ಜಿನಮತಿ ಅಂದಳು, "ಅಪ್ಪಾ, ನಿಪ್ಪಾಣಿ ಸಾಕ್ ಬಿಡ್ರಿ. ಅಲ್ಲೆ ನಾ ಅದೀನಿ. ಅದರಾಚೆ ನಿಮಗೇನ್ ಕೆಲಸ ಐತಿ?" ಎಲ್ಲರೂ ನಕ್ಕರು. ಮಹಾರಾಜರೂ ನಕ್ಕರು. ನಿಪ್ಪಾಣಿ ಎಂದೇ ನಿಶ್ಚಯವಾಯಿತು.

ಉಳಿದವರು ಹೊಳೆ, ಗುಡ್ಡ ನೋಡಿ ಎಲ್ಲೆ ಹಾಕಿಕೊಳ್ಳುತ್ತಾರೆ. ನಾನು ನನ್ನ ಮಂದಿ ಎಲ್ಲೆಲ್ಲಿದ್ದಾರೆಂದು ನೋಡಿ ಹಾಕಿಕೊಂಡೆ. ಮರುವರ್ಷವೇ ನಿಮಗೆ ಬಡ್ತಿ ಕೊಟ್ಟು ಸಮುದ್ರದ ದಂಡೆಗೆ ವರ್ಗ ಮಾಡುತ್ತಾರೆಂದು ಯಾರಿಗೆ ಗೊತ್ತಿತ್ತು? ನಿಮ್ಮ ತಪ್ಪೇನಿಲ್ಲ. ಬೆಳಗಾವಿಯ ಕಚೇರಿ ಕೆಲಸಕ್ಕೂ ಈಗ ನಾನು ಹೋಗುವುದಿಲ್ಲ, ಅಣ್ಣನ ಮಗ ಬಾಳು ಹೋಗುತ್ತಾನೆ.

ಇನ್ನು ಮೂಡಬಿದಿರೆಯ ಮಾತು. ಯಾತ್ರೆಗೆ ಹೊರಡಬಹುದು, ಯಾರೂ ಬೆರಳು ತೋರಿಸುವುದಿಲ್ಲ. ಆದರೆ ಬಸದಿಯ ಮೆಟ್ಟಿಲು ಹತ್ತುವಾಗ ನನ್ನ ಜೀವವೆಲ್ಲ ಬೋಳಾರದಲ್ಲಿರುತ್ತದೆ. ಭಗವಂತನ ಹೆಸರು ಹೇಳಿ ಮಗಳ ಮನೆಗೆ ಬಂದರೆ ಇಬ್ಬರಿಗೂ ಮೋಸ ಮಾಡಿದಂತೆ. ಅಂಥ ಜಾಣತನ ನನ್ನ ಕೈಲಾಗದು, ನೀವು ಸಿಟ್ಟಾಗಬೇಡಿ.

ಅವಳಿಗೆ ಬೇರೆ ಬರೆಯುತ್ತೇನೆ. ಅವಳನ್ನು ಊಟಕ್ಕೆ ಕರೆದು ಎದುರಿಗೆ ಕೂಡ್ರಿಸಿಕೊಳ್ಳಿರಿ.

ಇಲ್ಲಿಂದಲೇ ಕೈಯೆತ್ತಿ ಹರಸುವ,
ತಾತ್ಯಾಸಾಹೇಬ


ಐನಾಪುರ
2 ಜನವರಿ 1992

ಚಿ. ಜಿನಮತಿಗೆ ಅಪ್ಪನ ಆಶೀರ್ವಾದ.

ನಿನಗೆ ಏನು ಬರೆಯಬೇಕೋ ತಿಳಿಯಲಿಲ್ಲ. ಮೂರು ಇನ್‌ಲ್ಯಾಂಡು ಕೆಡಿಸಿದೆ. ಆದ್ದರಿಂದ ಕೆಲಸ ಹಚ್ಚುತ್ತೇನೆ, ಮಾಡು.

ನಾನು ಹುಟ್ಟಿದಾಗಿನಿಂದ ಕೃಷ್ಣೆಯ ದಂಡೆಯ ಮೇಲಿದ್ದೇನೆ. ಈ ನೀರು ಎಲ್ಲಿಗೆ ಹೋಗುತ್ತದೆಂದು ನಾನು ಕಂಡಿಲ್ಲ. ಮೂಡಣದ ಸಮುದ್ರ ಸೇರುತ್ತದೆಂದು ಸಾಲೆಯಲ್ಲಿ ಮಾಸ್ತರರು ಹೇಳಿದ್ದು, ಅದನ್ನೇ ನಂಬಿ ಕುಳಿತಿದ್ದೇನೆ. ನಿನ್ನ ಊರಿನಲ್ಲಿ ಹೊಳೆ ಸಮುದ್ರಕ್ಕೆ ಸೇರುವ ಜಾಗ ನಡೆದು ಹೋಗುವಷ್ಟು ಹತ್ತಿರ ಇದೆಯಂತೆ. ನಾನಂತೂ ಬರಲಾರೆ, ಅದು ನಿನಗೆ ಗೊತ್ತು. ನನ್ನ ಬದಲು ನೀನು ಹೋಗಿ ನೋಡು. ನೀರು ಸೇರುವ ಕಡೆ ಗೆರೆ ಕಾಣುತ್ತದೆಯೋ, ಸಪ್ಪಳವಾಗುತ್ತದೆಯೋ, ಎಲ್ಲ ಬರೆ.

ಇನ್ನೊಂದು. ನಮ್ಮ ಪಡಸಾಲೆಯ ಮೇಲಿನ ಹಂಚು ಅಲ್ಲಿಂದ ಬಂದದ್ದು. ನನ್ನ ಅಪ್ಪ ಮಿರಜಿನ ಗೂಡ್ಸ್ ಗಾಡಿಯಿಂದ ಇಳಿಸಿಕೊಂಡು ಚಕ್ಕಡಿಯಲ್ಲಿ ತಂದದ್ದು. ಅದನ್ನು ಹೇಗೆ ಮಾಡುತ್ತಾರೆ ಎಂದು ನೋಡಿ ತಿಳಿಸು. ಬಾಳು ಒಂದು ಹಂಚು ಒಡೆದಿದ್ದಾನೆ, ಬೆಕ್ಕು ಒಡೆದದ್ದು ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ.

ಅವಸರವೇನಿಲ್ಲ. ಆದರೆ ಬರೆ.

ನಿನ್ನ ಕಾಗದ ಬಂದರೆ ಉಂಡಷ್ಟು ಸಂತೋಷಪಡುವ,
ಅಪ್ಪ


ಬೋಳಾರ, ಮಂಗಳೂರು
27 ಜನವರಿ 1992

ಅಪ್ಪಾ, ನಮಸ್ಕಾರ.

ನೀವು ಹೇಳಿದಂತೆ ನೋಡಿ ಬಂದೆ. ಪಾರಿಸ ಅವರಿಗೆ ರಜೆ ಇರಲಿಲ್ಲ. ಮನೆಯ ಒಡತಿ ಸೆವ್ರಿನ್ ಬಾಯಿ ಕರೆದುಕೊಂಡು ಹೋದರು. ಅವರು ಕ್ರಿಶ್ಚನ್ನರು, ಮೀನು ತರಲು ದಿನವೂ ದಕ್ಕೆಗೆ ಹೋಗುತ್ತಾರೆ. ದೋಣಿಗಳು ಬಂದು ನಿಲ್ಲುವ ಕಟ್ಟೆಗೆ ದಕ್ಕೆ ಎನ್ನುತ್ತಾರೆ. ನಾಲ್ಕೂ ಕಡೆ ಮೀನು. ನಾನು ಮೂಗಿಗೆ ಸೆರಗು ಹಿಡಿದುಕೊಳ್ಳಲಿಲ್ಲ. ವಾಸನೆ ಬರುತ್ತಿತ್ತು, ಅಷ್ಟೇ.

ಹೊಳೆ ಸಮುದ್ರ ಸೇರುವ ಜಾಗಕ್ಕೆ ಅಳಿವೆ ಬಾಗಿಲು ಎನ್ನುತ್ತಾರೆ. ನೇತ್ರಾವತಿ ಒಂದು ಕಡೆಯಿಂದ ಬರುತ್ತದೆ, ಗುರುಪುರದ ಹೊಳೆ ಇನ್ನೊಂದು ಕಡೆಯಿಂದ. ಆಮೇಲೆ ಸಮುದ್ರ. ಗೆರೆ ಕಾಣುವುದಿಲ್ಲ. ಸಪ್ಪಳ ಇದೆ, ಅದು ತೆರೆಗಳದ್ದು.

ಹೊಳೆ ದಿನಕ್ಕೆ ಎರಡು ಸಲ ಹಿಂದಕ್ಕೆ ಹರಿಯುತ್ತದೆ ಎಂದು ಬಾಯಿ ಹೇಳಿದರು. ಸಮುದ್ರ ಉಬ್ಬಿದಾಗ ಹಾಗಾಗುತ್ತದಂತೆ.

ದೀಪಸ್ತಂಭದ ಗುಡ್ಡಕ್ಕೂ ಹೋದೆವು. ಸಂಜೆ ಹೊತ್ತು ಮುಳುಗುವುದನ್ನು ನೋಡಲು ಅಲ್ಲಿ ಜನ ಸೇರುತ್ತಾರೆ. ನಾವು ಅಷ್ಟರೊಳಗೆ ಉಂಡು ಮುಗಿಸಬೇಕಲ್ಲ, ಆ ಹೊತ್ತಿನಲ್ಲಿ ನಾನು ಯಾವಾಗಲೂ ಒಲೆಯ ಮುಂದೆ ಇರುತ್ತೇನೆ. ಹೀಗಾಗಿ ಇಲ್ಲಿಗೆ ಬಂದ ಮೇಲೆ ಮೊದಲ ಸಲ ನೋಡಿದೆ. ಸೂರ್ಯ ನೀರಿನೊಳಗೆ ಹೋಯಿತು. ಜನ ಎದ್ದು ಮನೆಗೆ ಹೋದರು. ಅಂದು ನಾನು ಉಣ್ಣಲಿಲ್ಲ, ಹೊತ್ತು ಮೀರಿತ್ತು.

ಹಂಚಿನ ಕಾರ್ಖಾನೆ ನಮ್ಮ ಓಣಿಯ ಹಿಂದೆಯೇ ಇದೆ. ಇನ್ನೊಮ್ಮೆ ನೋಡುತ್ತೇನೆ.

ನಾನು ಆರಾಮ ಇದ್ದೇನೆ. ನನಗೇನೂ ಬೇಡ.

ಜಿನಮತಿ


ಐನಾಪುರ
11 ಫೆಬ್ರವರಿ 1992

ಚಿ. ಜಿನಮತಿಗೆ ಆಶೀರ್ವಾದ.

ನಿನ್ನ ಕಾಗದ ತಲಾಟಿ ಬರೆದ ಪಂಚನಾಮೆಯ ಹಾಗಿದೆ. ಹೊಳೆ ಇದೆ, ಸಮುದ್ರ ಇದೆ, ಸೂರ್ಯ ಹೋಯಿತು, ಜನ ಎದ್ದರು. ಕೆಳಗೆ ಸರಕಾರಿ ಶಿಕ್ಕಾ ಒತ್ತಿಲ್ಲ ಅನ್ನುವುದೊಂದೇ ಕೊರತೆ. ಆದರೂ ನಾನು ಅದನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ.

ಹೊಳೆ ಹಿಂದಕ್ಕೆ ಹರಿಯುವ ಸಂಗತಿಯನ್ನು ಕಟ್ಟೆಯ ಮೇಲೆ ಹೇಳಿದೆ. ಒಬ್ಬರೂ ನಂಬಲಿಲ್ಲ. ಬಾಳು ನಕ್ಕು ಅಂದ, "ಕಾಕಾ, ಅಕ್ಕ ನಿಮ್ಮ ಚಾಷ್ಟಿ ಮಾಡ್ಯಾಳ." ಅದಕ್ಕೆ ಭೀಮಸಿ, "ಆಕಿ ಚಾಷ್ಟಿ ಮಾಡಿದ್ರ ಛಲೋನ ಆತಲ್ಲೋ" ಎಂದ. ನಮ್ಮ ತೋಟಕ್ಕೆ ಮೊದಲಿನಿಂದ ಬರುವ ಭೀಮಸಿ ನೆನಪಿದ್ದಾನಲ್ಲ. ನೀನು ಸಣ್ಣವಳಿದ್ದಾಗ ದ್ರಾಕ್ಷಿ ಚಪ್ಪರದ ಕೆಳಗೆ ನಿನ್ನನ್ನು ಹೆಗಲ ಮೇಲೆ ಕೂಡ್ರಿಸಿಕೊಂಡು ತಿರುಗುತ್ತಿದ್ದನು. ನಿನ್ನನ್ನು ದಿನಾ ಕೇಳುತ್ತಾನೆ.

ಆದ್ದರಿಂದ ನೀನು ಪರೀಕ್ಷೆ ಮಾಡಲೇಬೇಕು. ಏನಾದರೂ ತೇಲುವಂಥದ್ದನ್ನು ನೀರಿಗೆ ಹಾಕು. ಅದು ಸಮುದ್ರದ ಕಡೆ ಹೋಗುತ್ತದೋ ಗುಡ್ಡದ ಕಡೆ ಹೋಗುತ್ತದೋ ನೋಡಿ ಬರೆ. ಐನಾಪುರದಲ್ಲಿ ನನ್ನ ಮಾನ ಉಳಿಯುವುದು ಬಿಡುವುದು ಅದರ ಮೇಲಿದೆ.

ಈ ಸಲ ದ್ರಾಕ್ಷಿ ಪರವಾಗಿಲ್ಲ. ಕಬ್ಬು ಇನ್ನೂ ಹೊಲದಲ್ಲೇ ನಿಂತಿದೆ, ಕಡಿಯುವ ಟೋಳಿ ಬಂದಿಲ್ಲ. ನಿನ್ನ ಅತ್ತೆ ರಾಯಬಾಗದಿಂದ ಬಂದಿದ್ದಳು. ನಿನ್ನ ಮಾತು ತೆಗೆದು ಮತ್ತೆ ಅತ್ತಳು. ನಾನು ಎದ್ದು ಹೊರಗೆ ಹೋದೆ.

ನೀನು ಉಣ್ಣದೆ ಮಲಗಿದ್ದು ನನಗೆ ಸೇರಲಿಲ್ಲ. ಸೂರ್ಯನನ್ನು ನೋಡಬೇಕಾದರೆ ಬುತ್ತಿ ಕಟ್ಟಿಕೊಂಡು ಹೋಗು, ಗುಡ್ಡದ ಮೇಲೆ ಮೊದಲು ಉಂಡು ಆಮೇಲೆ ನೋಡು.

ಮುಂದಿನ ಕಾಗದಕ್ಕೆ ಟಪಾಲು ಹೊತ್ತಿಗೆ ಬಾಗಿಲಲ್ಲಿ ನಿಲ್ಲುವ,
ಅಪ್ಪ


ಬೋಳಾರ, ಮಂಗಳೂರು
9 ಮಾರ್ಚ್ 1992

ಅಪ್ಪಾ, ನಮಸ್ಕಾರ.

ಹೊಳೆ ಹಿಂದಕ್ಕೆ ಹರಿಯುವುದು ನಿಜ. ತೆಂಗಿನ ಸಿಪ್ಪೆ ಹಾಕಿ ನೋಡಿದೆ. ಬೆಳಿಗ್ಗೆ ಹಾಕಿದ್ದು ಗುಡ್ಡದ ಕಡೆ ಹೋಯಿತು, ಮಧ್ಯಾಹ್ನ ಹಾಕಿದ್ದು ಸಮುದ್ರದ ಕಡೆ. ನಡುವೆ ಸ್ವಲ್ಪ ಹೊತ್ತು ನೀರು ಯಾವ ಕಡೆಗೂ ಹೋಗದೆ ನಿಂತಿರುತ್ತದೆ. ಆ ಹೊತ್ತಿನಲ್ಲಿ ನಾನು ಅಲ್ಲೇ ಕುಳಿತಿದ್ದೆ. ನನಗೆ ಅದು ಸೇರಿತು. ಕಟ್ಟೆಯ ಮೇಲಿನವರಿಗೆ ತಿಳಿಸಿರಿ.

ಹಂಚಿನ ಕಾರ್ಖಾನೆಯನ್ನೂ ನೋಡಿದೆ. ಹೊಳೆಯ ಜೇಡಿಮಣ್ಣು ದೋಣಿಯಲ್ಲಿ ಬರುತ್ತದೆ. ಅದನ್ನು ಅರೆದು, ಮಿದ್ದು, ಅಚ್ಚಿಗೆ ಹಾಕಿ ಒತ್ತುತ್ತಾರೆ. ಒಣಗಿದ ಮೇಲೆ ಭಟ್ಟಿಯಲ್ಲಿ ಸುಡುತ್ತಾರೆ. ಹೆಂಗಸರೇ ಹೆಚ್ಚು, ತಲೆಯ ಮೇಲೆ ಹೊತ್ತು ತರುತ್ತಾರೆ. ಸುಟ್ಟ ಹಂಚನ್ನು ಬೆರಳಿನಿಂದ ಬಡಿದು ನೋಡುತ್ತಾರೆ. ಸಪ್ಪಳ ಸರಿಯಿಲ್ಲದ್ದನ್ನು ಪಕ್ಕಕ್ಕೆ ಎಸೆಯುತ್ತಾರೆ. ಅಲ್ಲಿ ದೊಡ್ಡ ಗುಡ್ಡೆ ಬಿದ್ದಿದೆ. ನೋಡಿದರೆ ಅವುಗಳಲ್ಲಿ ಏನೂ ಕೆಟ್ಟಂತೆ ಕಾಣುವುದಿಲ್ಲ. ನಾನು ಒಂದನ್ನು ಕೈಯಲ್ಲಿ ಹಿಡಿದು ನೋಡಿದೆ, ಇನ್ನೂ ಬೆಚ್ಚಗಿತ್ತು. ಆಮೇಲೆ ಇಟ್ಟು ಬಂದೆ.

ಮೊನ್ನೆ ಸೆವ್ರಿನ್ ಬಾಯಿ, "ಹೀಗೆ ಒಳಗೆ ಕೂತರೆ ಹೇಗೆ ಮಾರಾಯ್ತಿ, ಬನ್ನಿ ದೋಣಿಯಲ್ಲಿ ಹೋಗುವ" ಎಂದು ಸುಲ್ತಾನ್ ಬತ್ತೇರಿಗೆ ಕರೆದುಕೊಂಡು ಹೋದರು. ಅದು ಕಲ್ಲಿನ ಹಳೆಯ ಬುರುಜು, ಅಷ್ಟು ದೊಡ್ಡದಲ್ಲ. ಅಲ್ಲಿಂದ ದೋಣಿ ಹತ್ತಿ ಹೊಳೆ ದಾಟಿದರೆ ತಣ್ಣೀರುಬಾವಿ. ಸಣ್ಣ ಮರಳುಪಟ್ಟಿ. ಈ ಕಡೆ ಹೊಳೆ, ಆ ಕಡೆ ಸಮುದ್ರ, ನಡುವೆ ಗಾಳಿಮರಗಳು.

ದೋಣಿಯಲ್ಲಿ ಎದುರಿಗೆ ಖಾಲಿ ಬುಟ್ಟಿ ಇಟ್ಟುಕೊಂಡು ಒಬ್ಬ ಮೀನಿನ ಹೆಂಗಸು ಕುಳಿತಿದ್ದಳು. ನನ್ನ ಕಡೆ ನೋಡಿ ತುಳುವಿನಲ್ಲಿ ಏನೋ ಕೇಳಿದಳು. "ಮಕ್ಕಳೆಷ್ಟು ಅಂತ ಕೇಳ್ತಾಳೆ" ಎಂದರು ಬಾಯಿ. ನಾನು "ಒಬ್ಬ" ಎಂದೆ. ಬಾಯಿಗೆ ಎಲ್ಲ ಗೊತ್ತು. ಆದರೂ ತುಳುವಿನಲ್ಲಿ ಹಾಗೆಯೇ ಹೇಳಿದರು, ಹೇಳಿ ನೀರಿನ ಕಡೆ ಮುಖ ತಿರುಗಿಸಿದರು. ಆ ಹೆಂಗಸು ಮತ್ತೊಂದು ಕೇಳಿದಳು. ಮನೆಯಲ್ಲಿ ಬಿಟ್ಟು ಬಂದೆಯಾ ಎಂದು. ನಾನು ತಲೆಯಾಡಿಸಿದೆ.

ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ. ಅಂದಾಗಲೂ ನನಗೆ ಏನೂ ಅನ್ನಿಸಲಿಲ್ಲ. ಇದನ್ನು ಪಾರಿಸ ಅವರಿಗೆ ಹೇಳಿಲ್ಲ. ನೀವು ಎಲ್ಲ ಬರೆ ಎಂದಿದ್ದಕ್ಕೆ ಬರೆದೆ.

ಜಿನಮತಿ


ಐನಾಪುರ
14 ಏಪ್ರಿಲ್ 1992

ಚಿ. ಜಿನಮತಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕುಳಿತಾಗೊಮ್ಮೆ ಆ ದೋಣಿ ಕಣ್ಣ ಮುಂದೆ ಬರುತ್ತಿತ್ತು. ಎದ್ದುಬಿಡುತ್ತಿದ್ದೆ.

ಕಟ್ಟೆಯ ಮೇಲೆ ತೆಂಗಿನ ಸಿಪ್ಪೆಯ ಸಂಗತಿ ಹೇಳಿದೆ, ಎಲ್ಲರೂ ಒಪ್ಪಿದರು. ಉಳಿದದ್ದನ್ನು ಯಾರಿಗೂ ಹೇಳಲಿಲ್ಲ.

ಹೋದ ವಾರ ನಿಪ್ಪಾಣಿಗೆ ಹೋಗಿದ್ದೆ. ಬಾಳು ಕೇಳಿದ, "ಕಾಕಾ, ನಿಪ್ಪಾಣ್ಯಾಗ ಏನ್ ಕೆಲಸ?" ಗೊಬ್ಬರ ನೋಡಬೇಕು ಎಂದೆ. ಗೊಬ್ಬರ ಕಾಗವಾಡದಲ್ಲೂ ಸಿಗುತ್ತದೆ, ಅವನಿಗೂ ಗೊತ್ತು. ಚಿಕ್ಕೋಡಿ ಮೇಲೆ ಹೋದೆ. ನೀವು ಬಾಡಿಗೆಗಿದ್ದ ಮನೆಯ ಮುಂದೆ ನಡೆದುಕೊಂಡು ಹೋದೆ. ಈಗ ಅಲ್ಲಿ ತಂಬಾಕಿನ ವ್ಯಾಪಾರಿ ಇದ್ದಾನೆ, ಅಂಗಳದ ತುಂಬ ತಂಬಾಕು ತುಂಬಿದ ಬೋದುಗಳನ್ನು ಒಟ್ಟಿದ್ದಾನೆ. ಕೆಮ್ಮು ಬಂತು. ಆಮೇಲೆ ಸ್ಟ್ಯಾಂಡಿಗೆ ಬಂದು ಬೆಳಗಾವಿ ಕಡೆ ಹೋಗುವ ಬಸ್ಸುಗಳನ್ನು ನೋಡುತ್ತ ಕುಳಿತೆ. ಒಂದರ ಕಂಡಕ್ಟರ್ ನನ್ನನ್ನು ನೋಡಿ, "ಅಜ್ಜಾ, ಬರ್ತೀರೇನ್ರಿ? ಸೀಟ ಖಾಲಿ ಅದಾವು" ಎಂದ. ಇಲ್ಲಪ್ಪಾ ಎಂದೆ. ಬಸ್ಸು ಹೋಯಿತು. ಸಂಜೆಯೊಳಗೆ ಊಟ ಮಾಡಬೇಕಲ್ಲ, ನಾನೂ ಮನೆಗೆ ಬಂದೆ.

ನೀನು ದೋಣಿಯಲ್ಲಿ ಸುಳ್ಳು ಹೇಳಲಿಲ್ಲ, ಮಗಳೇ. ಒಬ್ಬನೇ. ಕೇಳಿದವರಿಗೆ ನಾನೂ ಇನ್ನು ಹಾಗೆಯೇ ಹೇಳುತ್ತೇನೆ.

ಒಂದು ಮಾತು ಬರೆದು ಮುಗಿಸುತ್ತೇನೆ. ನನ್ನನ್ನು ಬಾ ಎಂದು ಪಾರಿಸ ಕೇಳಿದರು. ನಿನ್ನ ಅತ್ತೆ ಹೇಳಿದಳು. ಭೀಮಸಿ ಕೂಡ ನನ್ನ ಮುಖ ನೋಡಿ ನೋಡಿ ಸುಮ್ಮನಾಗುತ್ತಾನೆ. ನೀನೊಬ್ಬಳು ಕೇಳಿಲ್ಲ. ಬರಲೇ ಎಂದು ನಾನಾಗಿ ಕೇಳಿದರೆ ನೀನು ಬೇಡ ಎಂದೇ ಬರೆಯುತ್ತೀ. ಅದಕ್ಕೆ ನಾನು ಕೇಳುವುದಿಲ್ಲ.

ದೂರದಲ್ಲಿದ್ದು ಏನೂ ಮಾಡಲಾಗದ,
ಅಪ್ಪ


ಬೋಳಾರ, ಮಂಗಳೂರು
6 ಮೇ 1992

ಅಪ್ಪಾ,

ನೀವು ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಕುಳಿತದ್ದನ್ನು ಓದಿದೆ. ಬೇಡ ಎಂದೇ ಬರೆಯಬೇಕೆಂದು ಪೆನ್ನು ಹಿಡಿದೆ. ಆ ಗೆರೆ ಹಾಕಿಸಿದವಳು ನಾನು. ಅಂದು ಹಿಂದೆ ಕುಳಿತು ನಾನು ಆ ಮಾತು ಆಡದಿದ್ದರೆ ನೀವು ಕೊಲ್ಹಾಪುರ ಎನ್ನುತ್ತಿದ್ದಿರಿ, ಅದೂ ಇಲ್ಲಿಗೆ ಮುಟ್ಟುತ್ತಿರಲಿಲ್ಲ. ಆದರೂ ಆಡಿದವಳು ನಾನೇ. ಯಾವ ಬಾಯಿಂದ ಬನ್ನಿ ಎನ್ನಲಿ ಎಂದು ಇಷ್ಟು ದಿನ ಸುಮ್ಮನಿದ್ದೆ.

ಈ ಊರಿನಲ್ಲಿ ನೋಡಬೇಕಾದ್ದನ್ನೆಲ್ಲ ನೋಡಿದೆ. ಕದ್ರಿಗೆ ಹೋದೆ. ಬೆಟ್ಟದಿಂದ ಬಂದು ಕೆರೆಗಳಿಗೆ ಬೀಳುವ ನೀರು ನೋಡಿದೆ. ಗೋಡೆ, ಸೂರು ಎಲ್ಲ ಚಿತ್ರ ಬರೆದ ಇಗರ್ಜಿಗೆ ಬಾಯಿ ಕರೆದುಕೊಂಡು ಹೋದರು, ಕುತ್ತಿಗೆ ನೋಯುವಷ್ಟು ಹೊತ್ತು ನೋಡಿದೆ. ಉಳ್ಳಾಲದ ಸೇತುವೆಯ ಮೇಲೆ ನಡೆದೆ. ಒಂದು ಜಾಗ ಮಾತ್ರ ನೋಡಿಲ್ಲ.

ಹೋದ ಭಾನುವಾರ ಪಾರಿಸ ಅವರು ಉಣ್ಣುತ್ತಿದ್ದಾಗ ಕೇಳಿದೆ, "ಎಲ್ಲಿ ಇಟ್ಟು ಬಂದ್ರಿ?" ಅವರ ಕೈ ತಟ್ಟೆಯಲ್ಲೇ ನಿಂತಿತು. ಆಮೇಲೆ ಹೇಳಿದರು. ನೇತ್ರಾವತಿಯ ದಂಡೆಯ ಮೇಲೆ, ತೆಂಗಿನ ತೋಟದ ಹಿಂದೆ. ಇಲ್ಲಿಂದ ಬಹಳ ದೂರವೇನಿಲ್ಲ. ಭಾನುವಾರ ಬ್ಯಾಂಕಿನ ಕೆಲಸ ಎಂದು ನನಗೆ ಹೇಳಿ ಹೋಗುತ್ತಿದ್ದರು, ಅಲ್ಲಿಗೇ ಹೋಗುತ್ತಿದ್ದರಂತೆ. ನಾನು ಹೊಳೆಯ ದಂಡೆಯ ಮೇಲೆ ಕುಳಿತು ಸಿಪ್ಪೆ ಹಾಕಿ ನೋಡುತ್ತಿದ್ದಾಗ ಅವನು ಅದೇ ಹೊಳೆಯ ದಂಡೆಯಲ್ಲಿ, ಸ್ವಲ್ಪ ಮೇಲಕ್ಕೆ ಇದ್ದನು. "ಬಾ, ಈಗ ಹೋಗೂಣು" ಎಂದರು. ನನ್ನ ಕೈಲಾಗಲಿಲ್ಲ. ಅಲ್ಲಿ ಅವರು ಅತ್ತರೆ ನಾನು ಅವರನ್ನು ನೋಡಿಕೊಳ್ಳಬೇಕಾಗುತ್ತದೆ. ಅತ್ತೆ ಬಂದಾಗಲೂ ಹಾಗೆಯೇ ಆಯಿತು. ನನ್ನ ಪಾಲಿನದನ್ನೂ ಅವರೇ ಅತ್ತು ಹೋದರು.

ನಾನು ಊರಿಗೆ ಯಾಕೆ ಬರಲಿಲ್ಲ ಎಂದು ಎಲ್ಲರೂ ಕೇಳಿದಿರಿ. ಅವನನ್ನು ಇಲ್ಲಿ ಬಿಟ್ಟು ಹೇಗೆ ಬರಲಿ? ನಾನು ಅವನ ಮುಖವನ್ನು ಸರಿಯಾಗಿ ನೋಡಿಲ್ಲ. ಬಟ್ಟೆಯಲ್ಲಿ ಸುತ್ತಿ ಕೊಟ್ಟರು, ತೆಗೆದುಕೊಂಡು ಹೋದರು. ಅವನು ಮಲಗಿದ ಜಾಗವನ್ನೂ ನೋಡದೆ ಬಸ್ಸು ಹತ್ತಿದರೆ ಅವನಿಗೆ ನಾನು ಯಾರು?

ಅವ್ವ ಹೋದಾಗ ಹೆಣ್ಣುಮಕ್ಕಳು ಸುಡುಗಾಡಿಗೆ ಬರಬಾರದು ಎಂದು ಓಣಿಯವರೆಲ್ಲ ತಡೆದರು. ನೀವು ನನ್ನ ಕೈ ಹಿಡಿದುಕೊಂಡು, "ಆಕಿ ಅವ್ವ ಅದಾಳ. ಆಕಿ ಬರ್ತಾಳ" ಎಂದಿರಿ. ದಾರಿಯುದ್ದಕ್ಕೂ ನೀವು ಒಂದು ಮಾತೂ ಆಡಲಿಲ್ಲ, ಅಳು ಎಂದೂ ಹೇಳಲಿಲ್ಲ, ಅಳಬೇಡ ಎಂದೂ ಹೇಳಲಿಲ್ಲ. ಕೈ ಮಾತ್ರ ಬಿಡಲಿಲ್ಲ.

ಅಪ್ಪಾ, ನನಗೆ ಹಾಗೆ ಕೈ ಹಿಡಿದು ಕರೆದುಕೊಂಡು ಹೋಗುವವರು ಬೇಕು. ಮೂಡಬಿದಿರೆಯ ನೆಪ ಬೇಡ. ಯಾವ ನೆಪವೂ ಬೇಡ. ವ್ರತ ಮುರಿದರೆ ಪಾಪ, ಗೊತ್ತಿದ್ದೂ ಕೇಳುತ್ತಿದ್ದೇನೆ. ಇಷ್ಟು ತಿಂಗಳಲ್ಲಿ ನನಗೆ ಬೇಕು ಅನ್ನಿಸಿದ್ದು ಇದೊಂದೇ.

ನನ್ನ ಸಲುವಾಗಿ ಮುರಿಯಿರಿ. ಮಳೆ ಹಿಡಿದರೆ ಆ ದಂಡೆಗೆ ಹೋಗಲು ಬರುವುದಿಲ್ಲವಂತೆ. ಅದಕ್ಕೂ ಮುಂಚೆ ಬನ್ನಿ.

ಜಿನಮತಿ


ಐನಾಪುರ
14 ಮೇ 1992

ಚಿ. ಜಿನಮತಿಗೆ,

ಕಾರ್ಡಿನ ಮೇಲೆಯೇ ಬರೆಯುತ್ತಿದ್ದೇನೆ. ದಾರಿಯಲ್ಲಿ ಓದುವವರು ಓದಲಿ, ಮುಚ್ಚಿಡುವಂಥದ್ದೇನಿಲ್ಲ.

ಬಸದಿಗೆ ಹೋಗಿ ಎಲ್ಲರೆದುರಿಗೆ ಹೇಳಿ ಬಂದಿದ್ದೇನೆ, ವ್ರತ ಮುರಿಯುತ್ತಿದ್ದೇನೆ ಎಂದು. ಬಂದ ಮೇಲೆ ಮಹಾರಾಜರು ಹೇಳುವ ಪ್ರಾಯಶ್ಚಿತ್ತ ಮಾಡುತ್ತೇನೆ. ಇಬ್ಬರು ಹಿರಿಯರು ಮೂಡಬಿದಿರೆಯ ದಾರಿ ತೋರಿಸಿದರು. ಕೈಮುಗಿದೆ, ಒಲ್ಲೆ ಎಂದೆ.

ಸೋಮವಾರ ಹೊರಡುತ್ತೇನೆ. ಬೆಳಗಾವಿಗೆ ಹತ್ತಿರದ ದಾರಿ ಬೇರೆ ಇದೆ. ನಾನು ನಿಪ್ಪಾಣಿಯ ಮೇಲೆಯೇ ಬರುತ್ತೇನೆ. ದಾಟುವುದಾದರೆ ಅದನ್ನೇ ದಾಟಬೇಕು. ಪಾರಿಸ ಸ್ಟ್ಯಾಂಡಿಗೆ ಬಂದರೆ ಸಾಕು, ನೀನು ಬರಬೇಡ. ಬಂದ ದಿನವೇ ಅಲ್ಲಿಗೆ ಹೋಗೋಣ. ಆಮೇಲೆ ನೀನು ಇರು ಅಂದಷ್ಟು ದಿನ ಇರುತ್ತೇನೆ.

ಟಿಕೀಟಿನ ವಿಚಾರಕ್ಕೆ ಇಲ್ಲಿಯ ಸ್ಟ್ಯಾಂಡಿಗೆ ಹೋದಾಗ ಕಟ್ಟೆಯ ಮೇಲೆ ಕುಳಿತ ನಾಮದೇವ ಕೇಳಿದ, "ತಾತ್ಯಾ, ನೀವು ಗೆರಿ ದಾಟವರಲ್ಲ. ಅಷ್ಟು ದೂರ ಏನ್ ನೋಡಾಕ ಹೊಂಟೀರಿ?"

"ಮೊಮ್ಮಗನ್ನ ನೋಡಾಕ" ಎಂದೆ.

ಅಪ್ಪ